ಕೆಸರಿನ ತಿಂಗಳಲ್ಲಿ ಶಾಲೆಯ ತೆರಿಗೆ

ಮೇಪಲ್ ಪಾಕ ಹಾಕಿ ಇಡೀ ರಾತ್ರಿ ಒಲೆಯೊಳಗಿಟ್ಟ ಬೀನ್ಸ್ ಕಾಳು ಮಡಕೆಯ ತಳಕ್ಕೆ ಕಚ್ಚಿಕೊಂಡರೆ ಉಜ್ಜಿ ಪ್ರಯೋಜನವಿಲ್ಲ, ನೆನೆಯಲು ಬಿಡಬೇಕು. ನಾನು ಬಿಸಿನೀರು ಸುರಿದು ಸೌಟಿನ ಹಿಡಿಯಿಂದ ಅಂಚನ್ನು ಮೆಲ್ಲಗೆ ಎಬ್ಬಿಸುತ್ತಿದ್ದೆ. ಪಕ್ಕದ ತೊಟ್ಟಿಯಲ್ಲಿ ಐಡೆಲಾ ಪೆಕ್ ತಟ್ಟೆ ತೊಳೆಯುತ್ತಿದ್ದಳು. ಅವಳ ಆಚೆಗೆ ಊರಿನ ಹೆಂಗಸರು ಸಾಲಾಗಿ ನಿಂತಿದ್ದರು, ಒರೆಸುವವರು ಒರೆಸುತ್ತ, ಜೋಡಿಸುವವರು ಜೋಡಿಸುತ್ತ. ಅವತ್ತು ಮಾರ್ಚ್ ತಿಂಗಳ ಮೊದಲ ಮಂಗಳವಾರ, ಊರ ಸಭೆ. ಗಂಡಸರೆಲ್ಲ ಉಂಡು ಮೇಲಿನ ಹಜಾರಕ್ಕೆ ಹತ್ತಿ ಹೋಗಿದ್ದರು. ನಾವು ನೆಲಮಾಳಿಗೆಯ ಅಡುಗೆಮನೆಯಲ್ಲಿದ್ದೆವು.

ತಲೆಯ ಮೇಲೆ ಹೆಜ್ಜೆಗಳ ಸದ್ದು ಶುರುವಾಯಿತು. ದಪ್ಪ ಬೂಟುಗಳು ಹಲಗೆಯ ನೆಲದ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದವು. ಸೂರಿನಿಂದ ಧೂಳು ಉದುರಿ ತೊಟ್ಟಿಯ ನೊರೆಯ ಮೇಲೆ ಬಿತ್ತು.

"ಕಡುಬು ಜಾಸ್ತಿ ತಿಂದಿದಾರೆ, ಕೂರೋಕಾಗ್ತಿಲ್ಲ. ಅಡ್ಡಾಡಿ ಅರಗಿಸ್ಕೊತಿದಾರೆ ನೋಡು," ಅಂದಳು ಐಡೆಲಾ. ನಾವೆಲ್ಲ ನಕ್ಕೆವು. ಸದ್ದು ನಿಂತಿತು. ನಾನು ಮಡಕೆಯ ನೀರು ಚೆಲ್ಲಿ ಇನ್ನೊಂದಕ್ಕೆ ಕೈ ಹಾಕಿದೆ.

ಸ್ವಲ್ಪ ಹೊತ್ತಿಗೆ, ಖಾಲಿ ತಟ್ಟೆ ತರಲೆಂದು ಮೇಲೆ ಹೋಗಿದ್ದ ಪಾದ್ರಿಯ ಹೆಂಡತಿ ಬರಿಗೈಯಲ್ಲಿ ಇಳಿದು ಬಂದಳು. ಶಾಲೆಯ ವಿಷಯ ಮುಗಿದುಹೋಯಿತು ಅಂದಳು. ಬಿದ್ದುಹೋಯಿತು ಅಂದಳು.

ನಮ್ಮೂರಿನಲ್ಲಿ ಕೈ ಎತ್ತಿಸಿ ತೀರ್ಮಾನವಾಗದಂಥ ವಿಷಯ ಬಂದರೆ ಜನರನ್ನೇ ಎಬ್ಬಿಸಿ ನಡೆಸುತ್ತಾರೆ. ಹೌದೆನ್ನುವವರು ಕಿಟಕಿಯ ಕಡೆ, ಬೇಡವೆನ್ನುವವರು ಒಲೆಯ ಕಡೆ. ಸಭೆ ನಡೆಸುವ ಮರ್ಟನ್ ಕೋಲ್ಬಿ ಎರಡೂ ಗೋಡೆಗಳ ಉದ್ದಕ್ಕೆ ನಡೆದು ತಲೆ ಎಣಿಸುತ್ತಾನೆ. ನಾವು ನಕ್ಕಿದ್ದು ಆ ಹೆಜ್ಜೆಗಳಿಗೆ.

ಪ್ರತಿ ವರ್ಷ ಶಾಲೆಯ ವಿಷಯ ಕಟ್ಟಕಡೆಗೆ ಬರುತ್ತದೆ. ರಸ್ತೆ, ಸೇತುವೆ, ಹಿಮ ತೆಗೆಯುವ ಗಾಡಿ, ಸ್ಮಶಾನದ ಬೇಲಿ, ಎಲ್ಲ ಮುಗಿಯುವಷ್ಟರಲ್ಲಿ ಹೆಂಗಸರು ಪಾತ್ರೆ ತೊಳೆದು, ಕೈ ಒರೆಸಿಕೊಂಡು ಮೇಲೆ ಬಂದಿರುತ್ತಾರೆ. ಯಾರೂ ಹಾಗೆಂದು ಬರೆದಿಟ್ಟಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ಈ ಸಲ ಊಟ ಮುಗಿದ ಕೂಡಲೇ ಹಾರ್ಲೋ ಸ್ಟ್ಯಾನರ್ಡ್ ಎದ್ದು ನಿಂತನಂತೆ. ಮನೆಯಲ್ಲಿ ಹಸು ಕರು ಹಾಕುವುದಿದೆ, ಶಾಲೆಯ ವಿಷಯ ಮೊದಲು ತೆಗೆದುಕೊಂಡರೆ ಮತ ಹಾಕಿ ಹೊರಡುತ್ತೇನೆ ಅಂದನಂತೆ. ಯಾರದ್ದಾದರೂ ಅಡ್ಡಿ ಇದೆಯೇ ಅಂತ ಮರ್ಟನ್ ಕೇಳಿದ. ಅಡ್ಡಿ ಹೇಳುವವರು ಕೆಳಗೆ ಮಡಕೆ ನೆನೆಹಾಕುತ್ತಿದ್ದರು. ಒಂಬತ್ತು ತಲೆಗಳಿಂದ ಬಿದ್ದಿತು. ತೊಟ್ಟಿಗಳ ಸುತ್ತ ನಿಂತಿದ್ದ ನಾವು ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದೆವು.

ಬಿದ್ದದ್ದು ಏನೆಂದು ಹೇಳಿಬಿಡುತ್ತೇನೆ. ನಮ್ಮ ಹಾರ್ಮನ್ ಊರಿನ ಶಾಲೆಗೆ ಎರಡು ಕೋಣೆ. ಕೆಳಗಿನದು ಚಿಕ್ಕವರಿಗೆ, ಮೇಲಿನದು ಎಂಟನೆಯ ತರಗತಿಯವರೆಗಿನ ದೊಡ್ಡವರಿಗೆ. ಮೇಲಿನ ಕೋಣೆಯನ್ನು ಬೆಚ್ಚಗಿಡುವ ಕಲ್ಲಿದ್ದಲ ಕುಲುಮೆ ಆ ಚಳಿಗಾಲದಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಬದಲಾಯಿಸಿ, ಅಲ್ಲಿ ಕಲಿಸುವ ಮಿಸ್ ಕಾರ್ಲಿಸ್‌ಗೆ ಬೇರೆ ಊರುಗಳಲ್ಲಿ ಕೊಡುವಷ್ಟು ಸಂಬಳ ಕೊಡಬೇಕೆಂದರೆ ಊರಿನವರೆಲ್ಲ ತಮ್ಮ ಮನೆ ಹೊಲಗಳ ಮೇಲೆ ಇನ್ನಷ್ಟು ತೆರಿಗೆ ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಮೇಲಿನ ಕೋಣೆಗೆ ಬೀಗ. ದೊಡ್ಡ ಮಕ್ಕಳು ಕತ್ತಲಲ್ಲೇ ಎದ್ದು ಬಸ್ಸಿನಲ್ಲಿ ಕಣಿವೆ ದಾಟಿ ಆಚೆಯ ದೊಡ್ಡೂರಿಗೆ ಹೋಗಬೇಕು. ಮಿಸ್ ಕಾರ್ಲಿಸ್ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು.

ಶಾಲೆಯನ್ನು ನೋಡಿಕೊಳ್ಳಲು ಊರು ಮೂವರನ್ನು ಆರಿಸುತ್ತದೆ. ಆ ಮೂವರಲ್ಲಿ ನಾನೊಬ್ಬಳು. ಉಳಿದಿಬ್ಬರಿಗೆ ಬರೆಯುವುದೆಂದರೆ ಬೇಸರ, ಹಾಗಾಗಿ ಪತ್ರಗಳೆಲ್ಲ ನನ್ನ ಪಾಲಿಗೆ. ಮುಂದಿನ ವರ್ಷಕ್ಕೆ ನಿಮ್ಮನ್ನೇ ನೇಮಿಸಿದ್ದೇವೆ ಎಂದು ಮಿಸ್ ಕಾರ್ಲಿಸ್‌ಗೆ ಬರೆಯುವ ಪತ್ರವನ್ನು ನಾನು ಫೆಬ್ರವರಿಯಲ್ಲೇ ಬರೆದು, ಲಕೋಟೆಗೆ ಹಾಕಿ, ಅಂಚೆಚೀಟಿ ಕೂಡ ಅಂಟಿಸಿ ಗಡಿಯಾರದ ಹಿಂದೆ ಇಟ್ಟಿದ್ದೆ. ಊರು ಹಣ ಒಪ್ಪುವ ತನಕ ಅದನ್ನು ಕಳಿಸುವ ಹಾಗಿಲ್ಲ, ಕಾನೂನು ಹಾಗಿದೆ. ಸಭೆ ಮುಗಿಸಿ ಮನೆಗೆ ಬಂದವಳು ಆ ಲಕೋಟೆಯನ್ನು ಹರಿಯಲೂ ಇಲ್ಲ, ಅಲ್ಲಿಂದ ತೆಗೆಯಲೂ ಇಲ್ಲ.

ಆ ಕೋಣೆ ನನಗೆ ಬರೀ ಮಕ್ಕಳ ಕೋಣೆಯಾಗಿರಲಿಲ್ಲ. ಗಡಿಯಾಚೆಯ ಕ್ವಿಬೆಕ್‌ನಿಂದ ನಾನು ಬಂದಾಗ ಸಣ್ಣ ಹುಡುಗಿ, ಬೇರೆಯವರ ಅಡುಗೆಮನೆಗಳಲ್ಲಿ ಕೆಲಸಕ್ಕೆ. ಡೆಲಿಮಾ ಲಕಾಸ್ ಎಂಬ ನನ್ನ ಹೆಸರು ಬರೆಯುವುದಕ್ಕೂ ಯೋಚಿಸಬೇಕಿತ್ತು. ಗಂಡ ತೀರಿಕೊಂಡ ಮೇಲೆ, ಕೂದಲು ಬೆಳ್ಳಗಾದ ಮೇಲೆ, ಮಿಸ್ ಕಾರ್ಲಿಸ್ ಚಳಿಗಾಲದ ಸಂಜೆಗಳಲ್ಲಿ ದೊಡ್ಡವರಿಗೂ ಕಲಿಸುತ್ತಾಳಂತೆ ಅಂತ ಕೇಳಿ ಹೋದೆ. ನನ್ನ ಜೊತೆ ಕಲ್ಲುಗಣಿಯ ಇಬ್ಬರು ಆಳುಗಳಿದ್ದರು. ಮಕ್ಕಳ ಡೆಸ್ಕಿನಲ್ಲಿ ಮೊಣಕಾಲು ತೂರದೆ ಮೂವರೂ ಓರೆಯಾಗಿ ಕೂತಿದ್ದೆವು. ಹೊರಗೆ ಹಿಮ ಸುರಿಯುತ್ತಿತ್ತು, ಒಳಗೆ ಕುಲುಮೆ ಗುಡುಗುತ್ತಿತ್ತು. ಅಷ್ಟು ಬೆಚ್ಚಗಿನ ಕೋಣೆಯಲ್ಲಿ ನಾನು ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ನನಗೆ ಪಾಠಕ್ಕಿಂತ ಅದೇ ಚಿಂತೆಯಾಯಿತು. ಈ ಕಲ್ಲಿದ್ದಲಿಗೆ ಯಾರು ದುಡ್ಡು ಕೊಡ್ತಾರೆ ಅಂತ ಕೇಳಿಯೇಬಿಟ್ಟೆ.

"ಊರು," ಅಂದಳು ಮಿಸ್ ಕಾರ್ಲಿಸ್.

"ಊರು ಅಂದ್ರೆ ಯಾರು?"

ಅವಳು ಸೀಮೆಸುಣ್ಣ ಕೆಳಗಿಟ್ಟು ನಕ್ಕಳು. "ಮಿಸೆಸ್ ಲಕಾಸ್, ಎಲ್ಲರಿಗಿಂತ ಜಾಸ್ತಿ ಅಂದ್ರೆ ಹಾರ್ಲೋ ಸ್ಟ್ಯಾನರ್ಡ್. ಹೊಳೆಬದಿಯ ಹೊಲವೆಲ್ಲ ಅವರದ್ದೇ ಅಲ್ವಾ. ಪ್ರತಿ ವರ್ಷ ಬೇಡ ಅಂತ ಒಲೆ ಕಡೆ ನಿಲ್ತಾರೆ. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬಂದು ಕಟ್ಟಿ ಹೋಗ್ತಾರೆ."

ಮದುವೆಯಾಗದವನು, ಮಕ್ಕಳಿಲ್ಲದವನು, ಬೇಡ ಎನ್ನುವವನು. ಅವನ ಹೊಲದ ಹುಲ್ಲು ಹಸುವಿನ ಹೊಟ್ಟೆಗೆ ಹೋಗಿ, ಹಾಲಾಗಿ, ರೈಲು ಹತ್ತಿ, ತೆರಿಗೆಯಾಗಿ, ಕಲ್ಲಿದ್ದಲಾಗಿ ನನ್ನ ಬೆನ್ನಿಗೆ ಬಿಸಿ ಕೊಡುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅಂಥದ್ದೊಂದು ಏರ್ಪಾಡು ಲೋಕದಲ್ಲಿದೆ ಅಂತ ನನಗೆ ಆವತ್ತು ತಿಳಿಯಿತು. ಅಕ್ಷರ ಕಲಿತದ್ದಕ್ಕಿಂತ ದೊಡ್ಡದು ಅದೇ ಅಂತ ಈಗಲೂ ಅನ್ನಿಸುತ್ತದೆ.

ಆ ಕೋಣೆಗೆ ಬೀಗ ಬೀಳುವುದನ್ನು ನೋಡಿಕೊಂಡು ಇರಲಾರೆ ಅನ್ನಿಸಿತು. ಐಡೆಲಾಗೂ ಹಾಗೇ ಅನ್ನಿಸಿತ್ತು, ಆದರೆ ಅವಳಿಗೆ ಸಿಟ್ಟೂ ಬಂದಿತ್ತು. ಸಾಕಷ್ಟು ಜನ ಸಹಿ ಹಾಕಿ ಕೇಳಿದರೆ ಬಿದ್ದ ವಿಷಯಕ್ಕೆ ಇನ್ನೊಮ್ಮೆ ಸಭೆ ಕರೆಯಬೇಕು. ನಾವು ಗುಡ್ಡದ ಮೇಲಿನ ಮನೆಮನೆಗೂ ಹೋದೆವು. ಸಹಿಗಳು ಬೇಗನೇ ಕೂಡಿದವು. ಅಂಗಡಿಯ ಬಾಗಿಲಿಗೆ ನೋಟೀಸು ಹೊಡೆದರು. ನೋಟೀಸು ಹೊಡೆದು ಮೂವತ್ತು ದಿನ ಕಾಯಬೇಕೆಂಬ ನಿಯಮ. ಆ ಮೂವತ್ತು ದಿನ ನಮ್ಮನ್ನು ಎಲ್ಲಿಗೆ ತಂದು ಬಿಡುತ್ತದೆ ಅಂತ ಯಾರೂ ಯೋಚಿಸಲಿಲ್ಲ. ತಂದು ಬಿಟ್ಟದ್ದು ಏಪ್ರಿಲ್ ನಡುವಿಗೆ, ಹಿಮ ಕರಗುವ ಕಾಲಕ್ಕೆ, ಕೆಸರಿಗೆ.

ಅಷ್ಟರಲ್ಲಿ ಊರು ಎರಡಾಗಿತ್ತು. ಹಾರ್ಲೋ ಬೇಕೆಂದೇ ಹೊತ್ತು ನೋಡಿ ಎದ್ದು ನಿಂತ ಅಂತ ಗುಡ್ಡದವರು. ಹಸುವಿಗೇನು ಊರ ಸಭೆಯ ದಿನ ಗೊತ್ತಿರುತ್ತದೆಯೇ ಅಂತ ಹೊಳೆಬದಿಯವರು. ಒಂದು ದಿನ ಅಂಗಡಿಯಲ್ಲಿ ಅವನು ಮೊಳೆ ತೂಗಿಸುತ್ತಿದ್ದಾಗ ಐಡೆಲಾ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಆ ಹಸು ಇನ್ನೂ ಕರು ಹಾಕಿಲ್ಲ ಅಂತ ಕಾಣುತ್ತೆ. ಮುಂದಿನ ಸಭೆಗೆ ಕಾಯ್ತಿದೆಯೋ ಏನೋ."

ಹಾರ್ಲೋ ಮೊಳೆಯ ಪೊಟ್ಟಣ ಜೇಬಿಗೆ ಹಾಕಿಕೊಂಡ. "ಹಾಕ್ತು. ಹೋರಿಗರು," ಅಂದು ಹೊರಟುಹೋದ.

ಕೆಸರಿನ ಕಾಲದಲ್ಲಿ ನಮ್ಮ ಶಾಲೆಗೆ ಎರಡು ವಾರ ರಜೆ. ಮಿಸ್ ಕಾರ್ಲಿಸ್ ಮೇನ್ ರಾಜ್ಯದ ಕರಾವಳಿಯ ಒಂದು ದ್ವೀಪದಲ್ಲಿ ಮೀನು ಹಿಡಿಯುವ ತನ್ನ ಅಣ್ಣನ ಮನೆಗೆ ಹೊರಟಳು. ಪೆಟ್ಟಿಗೆ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ಸಭೆಯ ದಿನ ಇಲ್ಲಿರಬಾರದೇ ಅಂತ ನಾನು ಕೇಳಿದೆ.

"ನನ್ನ ಮುಖ ನೋಡಿ ಯಾರೂ ಕಿಟಕಿ ಕಡೆ ನಡೆಯೋದು ಬೇಡ ಮಿಸೆಸ್ ಲಕಾಸ್. ಕೋಣೆ ಬೇಕು ಅಂತಿದ್ರೆ ನಡೀಲಿ," ಅಂದಳು. ಆಮೇಲೆ, ಹೇಳಲು ಕಷ್ಟವಾಗುವುದನ್ನು ಹೇಳುವ ದನಿಯಲ್ಲಿ, ಕರಾವಳಿಯ ಒಂದು ಶಾಲೆಯವರು ತನ್ನನ್ನು ಕರೆದಿದ್ದಾರೆ ಅಂತ ತಿಳಿಸಿದಳು. ಅವರಿಗೆ ಬುಧವಾರದೊಳಗೆ ಉತ್ತರ ಕೊಡಬೇಕು. ದ್ವೀಪದಲ್ಲಿ ಫೋನಿಲ್ಲ. ಬುಧವಾರ ಬೆಳಿಗ್ಗೆ ಅಂಚೆಯ ದೋಣಿ ಬರುತ್ತದೆ, ಅದರಲ್ಲಿ ನಿಮ್ಮ ಪತ್ರವಿದ್ದರೆ ವಾಪಸು ಬರುತ್ತೇನೆ, ಇಲ್ಲದಿದ್ದರೆ ಅದೇ ದೋಣಿಯಲ್ಲಿ ಅವರಿಗೆ ಆಗಲಿ ಅಂತ ಬರೆದು ಕಳಿಸುತ್ತೇನೆ ಅಂದಳು. ಅವಳ ಕಣ್ಣು ಗಡಿಯಾರದ ಕಡೆ ಹೋಯಿತು. ಲಕೋಟೆಯ ಮೂಲೆ ಕಾಣುತ್ತಿತ್ತು.

ಶನಿವಾರ ಸಭೆ. ಐಡೆಲಾ ಬೆಳಿಗ್ಗೆಯೇ ಗಂಡನ ರಬ್ಬರ್ ಬೂಟು ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ನಾನು ಲಕೋಟೆಯ ಮೇಲೆ ದ್ವೀಪದ ವಿಳಾಸ ಬರೆದು, ಪತ್ರವನ್ನು ಮೇಣದ ಕಾಗದದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಇಬ್ಬರೂ ಕಲ್ಲುಬೇಲಿಯ ಮೇಲೆ ಕೈಯೂರುತ್ತ, ರಸ್ತೆ ಬಿಟ್ಟು ಅಂಚಿನಲ್ಲೇ ಇಳಿಯತೊಡಗಿದೆವು. ರಸ್ತೆಯೆಂಬುದು ಗಂಜಿಯಾಗಿತ್ತು. ಈ ಕೆಸರಿನಲ್ಲಿ ಯಾರು ಬರುತ್ತಾರೆ ಅಂತ ಐಡೆಲಾ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಹೊಳೆಬದಿಯವರಿಗೆ ಜಲ್ಲಿ ಹಾಕಿದ ರಸ್ತೆ, ಅವರು ಚಪ್ಪಲಿಯಲ್ಲೂ ಬರಬಹುದು. ಮಕ್ಕಳಿರುವುದೆಲ್ಲ ಗುಡ್ಡದ ಮನೆಗಳಲ್ಲಿ. ಹೌದೆನ್ನಬೇಕಾದವರೆಲ್ಲ ಕೆಸರಿನ ಈ ಕಡೆ.

ಗುಡ್ಡದ ರಸ್ತೆ ಕೊನೆಯಾಗುವುದು ಹಾರ್ಲೋನ ಹೊಲದ ಹತ್ತಿರ. ಅಲ್ಲಿ ರಸ್ತೆಯಡಿಯಿಂದ ಒಂದು ಒರತೆ ಏಳುತ್ತದೆ. ಪ್ರತಿ ವಸಂತದಲ್ಲೂ ಅಲ್ಲೊಂದು ಗುಂಡಿ ಬಾಯಿ ತೆರೆಯುತ್ತದೆ, ಒಂದು ವರ್ಷ ಕುದುರೆಯೇ ಹೂತುಕೊಂಡಿತ್ತು. ತಿರುವಿನಲ್ಲಿ ಬಂದು ನಿಂತಾಗ ನಮಗೆ ಕಂಡದ್ದು ಇದು. ಗುಂಡಿಯಲ್ಲಿ ರೋವೆಲ್ ಮನೆಯವರ ಕಾರು ಬಾಗಿಲ ತನಕ ಮುಳುಗಿ ನಿಂತಿತ್ತು. ಅದರ ಹಿಂದೆ ಗುಡ್ಡದ ಮೇಲಕ್ಕೆ ಕಣ್ಣು ಹೋಗುವಷ್ಟು ದೂರ ಕಾರುಗಳು, ಟ್ರಕ್ಕುಗಳು, ಕುದುರೆ ಗಾಡಿಗಳು. ಗುಂಡಿಯ ಆಚೆ ದಡದಲ್ಲಿ ಹಾರ್ಲೋನ ಟ್ರ್ಯಾಕ್ಟರ್. ಹಾರ್ಲೋ ಸೊಂಟದ ತನಕ ಕೆಸರಿನಲ್ಲಿ ಇಳಿದು ರೋವೆಲರ ಕಾರಿಗೆ ಸರಪಳಿ ಸಿಕ್ಕಿಸುತ್ತಿದ್ದ.

"ಎಳೀತಿದಾನೋ ಮುಳುಗಿಸ್ತಿದಾನೋ ಸರಿಯಾಗಿ ನೋಡು," ಅಂದಳು ಐಡೆಲಾ.

ಎಳೆಯುತ್ತಿದ್ದ. ಕಾರು ಹೀರಿಕೊಂಡ ಬಾಯಿಯಿಂದ ಬಿಡಿಸಿಕೊಂಡಂತೆ ಸದ್ದು ಮಾಡಿ ಮೇಲೆದ್ದು ಆಚೆ ಹೋಯಿತು. ಹಾರ್ಲೋ ಸರಪಳಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮತ್ತೆ ಗುಂಡಿಗಿಳಿದು ಮುಂದಿನದಕ್ಕೆ ಬಂದ. ಬಂದವನು ಯಾರಿಗೂ ನಮಸ್ಕಾರ ಹೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕೊಕ್ಕೆ ಸಿಕ್ಕಿಸುವುದು, ಕೈಯೆತ್ತುವುದು, ಟ್ರ್ಯಾಕ್ಟರ್ ಹತ್ತುವುದು, ಎಳೆಯುವುದು. ಬೆಳಗಿನ ಹಾಲು ಕರೆದ ಹೊತ್ತಿನಿಂದ ಇದೇ ಕೆಲಸದಲ್ಲಿದ್ದಾನೆ ಅಂತ ಮುಂದೆ ನಿಂತಿದ್ದವರು ಹೇಳಿದರು. ಅವರ ದನಿ ಚರ್ಚಿನೊಳಗೆ ಮಾತಾಡುವವರ ಹಾಗೆ ತಗ್ಗಿತ್ತು.

ಅಲ್ಲಿ ನಿಂತಿದ್ದವರಲ್ಲಿ ಲೆಕ್ಕ ಬಾರದವರು ಯಾರೂ ಇರಲಿಲ್ಲ. ಅವನು ಎಳೆದು ದಾಟಿಸುವ ಒಂದೊಂದು ಗಾಡಿಯೂ ಅವನ ವಿರುದ್ಧವೇ ಹೋಗಿ ನಿಲ್ಲುತ್ತದೆ. ತೆರಿಗೆ ಬಂದರೆ ನಮ್ಮ ಕಲ್ಲುನೆಲಕ್ಕೆ ಬೀಳುವುದು ಸ್ವಲ್ಪ, ಅವನ ಹೊಲಕ್ಕೆ ಬೀಳುವುದು ಬಹಳ. ಹಾಲಿನ ಬೆಲೆ ಇಳಿದು ಹೋದ ವರ್ಷ ಅವನು ಕೆಳಗಿನ ಹುಲ್ಲುಗಾವಲಿನ ಒಂದು ತುಂಡು ಮಾರಿದ್ದು ಎಲ್ಲರಿಗೂ ಗೊತ್ತಿತ್ತು. ಅವನು ಟ್ರ್ಯಾಕ್ಟರನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿ ಒಳಗೆ ಕೂತು ಕಾಫಿ ಕುಡಿಯುತ್ತಿದ್ದರೆ ಸಾಕಿತ್ತು. ಯಾರೂ ಏನೂ ಅನ್ನುವಂತಿರಲಿಲ್ಲ. ಕೆಸರನ್ನು ಅವನು ಮಾಡಿದ್ದಲ್ಲ.

ರೋವೆಲ್ ಮನೆಯ ಮುದುಕಿ ಆಗಲೇ ಗಾಡಿಯಿಂದಿಳಿದು ಈಚೆಯ ದಡದಲ್ಲಿ ನಿಂತಿದ್ದಳು, ಕಾರಿನೊಳಗೆ ಕೂತು ಎಳೆಸಿಕೊಳ್ಳಲು ಹೆದರಿ. ಬಹಳ ವಯಸ್ಸಾದವಳು, ಸಭೆಗೆ ಬರುವುದನ್ನು ಎಂದೋ ಬಿಟ್ಟಿದ್ದಳು. ಹಾರ್ಲೋ ಅವಳನ್ನು ಎತ್ತಿಕೊಂಡು ಗುಂಡಿ ದಾಟಿ, ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದ ಹಾಲಿನ ಕ್ಯಾನು ಸಾಗಿಸುವ ಜಾರುಗಾಡಿಯ ಮೇಲೆ ಕೂರಿಸಿದ.

"ನಾನು ನಿನ್ನ ವಿರುದ್ಧ ನಿಲ್ಲೋಕೇ ಹೋಗ್ತಿರೋದು ಹಾರ್ಲೋ, ಗೊತ್ತಿರಲಿ," ಅಂದಳು ಮುದುಕಿ.

"ಗೊತ್ತು. ಕಾಲು ಒಳಗಿಟ್ಕೊ," ಅಂದ ಹಾರ್ಲೋ.

ಐಡೆಲಾ ಗೊಣಗುವುದನ್ನು ಬಿಟ್ಟು ಬೇಲಿ ಹಿಡಿದು ಮುಂದೆ ನಡೆದಳು. ಅವಳನ್ನು ಹಾಗೆ ನಾನು ನೋಡಿರಲಿಲ್ಲ.

ಗುಂಡಿ ದಾಟಿದ ಮೇಲೆ ನಾನು ತಿರುಗಿ ಗುಡ್ಡವನ್ನು ನೋಡಿದೆ. ಮರಗಳಲ್ಲಿ ಇನ್ನೂ ಎಲೆಯಿರಲಿಲ್ಲ, ಹಾಗಾಗಿ ಮೇಲಿನ ತನಕ ಕಾಣುತ್ತಿತ್ತು. ರಸ್ತೆಯಲ್ಲಿ ಮಾತ್ರವಲ್ಲ, ಮೇಪಲ್ ತೋಪುಗಳ ನಡುವಿನಿಂದ, ಉಳಿದ ಹಿಮದ ತೇಪೆಗಳ ಮೇಲಿಂದ, ಕಲ್ಲುಬೇಲಿಗಳ ಪಕ್ಕದಿಂದ ಜನ ಇಳಿಯುತ್ತಿದ್ದರು. ಕೂಸು ಎತ್ತಿಕೊಂಡವರು, ಕೋಲೂರುವವರು, ಮೇಪಲ್ ಪಾಕ ಕಾಸುವ ಗುಡಿಸಲಿನಿಂದ ಹಾಗೇ ಹೊಗೆಯ ಬಟ್ಟೆಯಲ್ಲಿ ಬಂದವರು. ಯಾರೂ ಅವರನ್ನು ಅಟ್ಟಿಕೊಂಡು ಬರುತ್ತಿರಲಿಲ್ಲ. ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಲು ಒಂದು ಗುಡ್ಡಕ್ಕೆ ಗುಡ್ಡವೇ ಕೆಸರು ತುಳಿದು ಬರುತ್ತಿತ್ತು. ಮಕ್ಕಳಿಲ್ಲದ ಕಲ್ಲುಗಣಿಯ ಆಳುಗಳೂ ಅವರಲ್ಲಿದ್ದರು, ನನ್ನ ಜೊತೆ ಡೆಸ್ಕಿನಲ್ಲಿ ಓರೆಯಾಗಿ ಕೂತಿದ್ದವರು.

ಆವತ್ತು ನಾವು ಅಡುಗೆ ಮಾಡಿರಲಿಲ್ಲ. ಒಂದು ಲೋಟ ಕಾಫಿ ಕೂಡ ಇಲ್ಲ. ನೆಲಮಾಳಿಗೆಯ ಬಾಗಿಲಿಗೆ ಐಡೆಲಾ ಬೀಗ ಹಾಕಿ ಕೀಲಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು. ಬರಿಹೊಟ್ಟೆಯಲ್ಲಿ ಪ್ರಜಾಪ್ರಭುತ್ವ ಅಂತ ಗಂಡಸರು ಗೊಣಗಿದರು. ಹಜಾರ ತುಂಬಿ, ಮೆಟ್ಟಿಲ ಮೇಲೂ ಜನ ನಿಂತರು. ಒದ್ದೆ ಉಣ್ಣೆಯ, ಕೊಟ್ಟಿಗೆಯ, ಮೇಪಲ್ ಹೊಗೆಯ ವಾಸನೆ.

ಮರ್ಟನ್ ಕೋಲ್ಬಿ ವಿಷಯ ಓದಿದ. ಪರವಾಗಿ ಮಾತಾಡಿದರು, ವಿರೋಧವಾಗಿ ಮಾತಾಡಿದರು. ಹೊಳೆಬದಿಯ ಒಬ್ಬ ರೈತ, ಬಸ್ಸಿನಲ್ಲಿ ಹೋದರೆ ಮಕ್ಕಳಿಗೆ ದೊಡ್ಡ ಶಾಲೆ, ಪ್ರಯೋಗಶಾಲೆ ಎಲ್ಲ ಸಿಗುತ್ತದೆ ಅಂದ. ಅದರಲ್ಲೂ ಸುಳ್ಳೇನಿರಲಿಲ್ಲ. ಕಲ್ಲುಗಣಿಯ ಆಳೊಬ್ಬ ಎದ್ದು ನಿಂತು, ಏನೋ ಹೇಳಬೇಕೆಂದುಕೊಂಡು ಬಂದಿದ್ದೆ ಈಗ ನೆನಪಾಗುತ್ತಿಲ್ಲ ಅಂತ ಹೇಳಿ ಕೂತ. ನಾನು ಜೇಬಿನಲ್ಲಿದ್ದ ಪತ್ರವನ್ನು ಮುಟ್ಟಿ ನೋಡುತ್ತ ಕೂತಿದ್ದೆ. ಇನ್ನು ಎಣಿಸೋಣ ಅಂತ ಮರ್ಟನ್ ಅನ್ನುವ ಹೊತ್ತಿಗೆ ಬಾಗಿಲಲ್ಲಿ ಜನ ಸರಿದು ದಾರಿ ಬಿಟ್ಟರು. ಹಾರ್ಲೋ ಒಳಗೆ ಬಂದ. ಕೆಸರು ಒಣಗಿ ಅವನ ಬಟ್ಟೆ ಹಲಗೆಯ ಹಾಗೆ ಸೆಟೆದಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಎಣಿಸೋಕೆ ಮುಂಚೆ ಒಂದು ಪ್ರಶ್ನೆ," ಅಂದ.

"ಕೇಳಿ, ಮಿಸ್ಟರ್ ಸ್ಟ್ಯಾನರ್ಡ್."

"ಕೆಳಗೆ ಯಾರಾದ್ರೂ ಪಾತ್ರೆ ತೊಳೀತಿದಾರಾ?"

ಯಾರೋ ನಗಲು ಹೋಗಿ ನಿಲ್ಲಿಸಿದರು. ಬಾಗಿಲಿಗೆ ಬೀಗವಿದೆ, ಕೀಲಿ ನನ್ನ ಹತ್ತಿರವಿದೆ ಅಂತ ಐಡೆಲಾ ಹೇಳಬಹುದಿತ್ತು. ಹೇಳಲಿಲ್ಲ. ಕುತ್ತಿಗೆಯಿಂದ ದಾರ ತೆಗೆದು ಕೀಲಿಯನ್ನು ಊರ ಕಾವಲುಗಾರನ ಕೈಗೆ ಕೊಟ್ಟಳು. ಅವನು ಇಳಿದು ಹೋದದ್ದು ಕೇಳಿಸಿತು, ಬೀಗ ತೆಗೆದದ್ದು ಕೇಳಿಸಿತು, ಖಾಲಿ ಅಡುಗೆಮನೆಯಲ್ಲಿ ಅವನ ಬೂಟು ನಡೆದಾಡಿದ್ದು ಕೇಳಿಸಿತು. ಅಷ್ಟು ಹೊತ್ತೂ ಎಲ್ಲರೂ ಕಾದೆವು. ಅವನು ಮೇಲೆ ಬಂದು ಯಾರೂ ಇಲ್ಲ ಅಂದ.

"ಹಾಗಾದ್ರೆ ಸರಿ. ಎಣಿಸಿ," ಅಂದ ಹಾರ್ಲೋ. ಮತ್ತೆ, ಪ್ರತಿ ವರ್ಷದಂತೆ, ನಡೆದು ಹೋಗಿ ಒಲೆಯ ಪಕ್ಕ ನಿಂತ.

ಆಗ ಹೆಜ್ಜೆಗಳು ಶುರುವಾದವು. ಮಾರ್ಚಿನಲ್ಲಿ ನಾನು ಅವನ್ನು ಕೆಳಗಿನಿಂದ ಕೇಳಿ ನಕ್ಕಿದ್ದೆ. ಈಗ ಅವುಗಳ ನಡುವೆ ಇದ್ದೆ. ನೂರಾರು ಬೂಟುಗಳು ಹಲಗೆಯ ಮೇಲೆ ಒಟ್ಟಿಗೆ ಎದ್ದು, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ದಾಟಿಹೋಗುವ ಸದ್ದು. ಅಣ್ಣ ಒಂದು ಕಡೆ ಹೋದ, ತಮ್ಮ ಇನ್ನೊಂದು ಕಡೆ ಹೋದ. ಗಂಡನನ್ನು ಒಲೆಯ ಬಳಿ ಬಿಟ್ಟು ಹೆಂಡತಿ ಕಿಟಕಿಗೆ ಬಂದಳು. ಎದುರಾದವರು ತಲೆಬಾಗಿ ಸರಿದರು. ಬಹಳ ದೊಡ್ಡದೊಂದು ಪ್ರಾಣಿ ಮಗ್ಗುಲು ಬದಲಾಯಿಸಿದ ಹಾಗಿತ್ತು. ನೆಲ ನನ್ನ ಕಾಲಡಿಯಲ್ಲಿ ಅದುರುತ್ತಿತ್ತು. ನಾನು ರೋವೆಲ್ ಮುದುಕಿಯ ಕೈ ಹಿಡಿದು ಕಿಟಕಿಯ ಕಡೆ ನಡೆದೆ. ಕಿಟಕಿಯ ಬೆಳಕಿನಲ್ಲಿ ನಿಂತು ಎದುರಿನ ಗೋಡೆಯನ್ನು ನೋಡಿದಾಗ ಅಲ್ಲಿದ್ದವರ್‍ಯಾರೂ ನನಗೆ ವಿರೋಧಿಗಳಾಗಿ ಕಾಣಲಿಲ್ಲ. ಬೇಡ ಅನ್ನಲೂ ಅವರು ಎದ್ದು ಬಂದು, ಎಲ್ಲರಿಗೂ ಮುಖ ತೋರಿಸಿ ನಿಂತಿದ್ದರು.

ಮರ್ಟನ್ ಎರಡು ಸಲ ಎಣಿಸಿದ. ಏಳು ತಲೆಗಳಿಂದ ಶಾಲೆ ಉಳಿಯಿತು. ರೋವೆಲರ ಕಾರು ಒಂದರಲ್ಲೇ ಅಷ್ಟು ಜನ ಬಂದಿದ್ದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ತಟ್ಟುವುದಿಲ್ಲ, ಎದುರಿನವರು ನೆರೆಯವರು. ಆದರೆ ಹಾರ್ಲೋ ಟೋಪಿ ಹಾಕಿಕೊಂಡು ಬಾಗಿಲಿಗೆ ಹೊರಟಾಗ ಕಿಟಕಿಯ ಕಡೆಯ ಗಂಡಸರು ತಮ್ಮ ಟೋಪಿ ತೆಗೆದರು. ಅವನಿಗೆ ಅದು ಕಂಡಿತೋ ಇಲ್ಲವೋ. ಐಡೆಲಾ ಅವನಿಗೆ ಅಡ್ಡವಾಗಿ ನಿಂತು, ಆ ಹೋರಿಗರುವಿಗೆ ಏನು ಹೆಸರಿಟ್ಟೆ ಅಂತ ಕೇಳಿದಳು. ಇನ್ನೂ ಇಟ್ಟಿಲ್ಲ ಅಂದ. ಒಳ್ಳೇದು ಯೋಚನೆ ಮಾಡ್ತೀನಿ ಇರು ಅಂದಳು ಅವಳು. ಅವಳ ಬಾಯಿಂದ ಕ್ಷಮೆ ಅಷ್ಟೇ ಬರುವುದು.

ನಾನು ಓಡಿದಷ್ಟು ಬೇಗ ಅಂಚೆಮನೆಗೆ ಹೋದೆ. ಕಿಟಕಿಯ ಹಿಂದಿನ ಹೆಂಗಸು ತಲೆಯಾಡಿಸಿದಳು. ಅಂಚೆಯ ಗಾಡಿ ಬರುವುದು ಕಣಿವೆ ದಾಟಿ ಆಚೆಯ ದೊಡ್ಡೂರಿನಿಂದ. ಗುರುವಾರದಿಂದ ಅದು ಬಂದೇ ಇಲ್ಲ. "ಪೆಟ್ಟಿಗೆಗೆ ಹಾಕ್ತೀಯಾದ್ರೆ ಹಾಕು ಡೆಲಿಮಾ, ಆದ್ರೆ ಮಣ್ಣು ಗಟ್ಟಿಯಾಗೋ ತನಕ ಅದು ಇಲ್ಲೇ ಕೂತಿರುತ್ತೆ," ಅಂದಳು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಬುಧವಾರದ ದೋಣಿ ನನ್ನ ಕಣ್ಣ ಮುಂದೆ ಬಂತು, ಖಾಲಿ ಚೀಲ ಹೊತ್ತುಕೊಂಡು. ಊರಿಗೆ ಊರೇ ಕೆಸರು ತುಳಿದು ಬಂದು ಹೌದು ಅಂದದ್ದು ಒಂದು ಲಕೋಟೆಯೊಳಗೆ ಕೂತು ಕೊಳೆಯಬೇಕೇ.

ಸಂಜೆಯ ಹಾಲು ಕರೆಯುವ ಹೊತ್ತು ಮುಗಿಯುವ ತನಕ ಅಲ್ಲೇ ಕೂತಿದ್ದೆ. ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಾರ್ಲೋ ಜಾರುಗಾಡಿಯ ಮೇಲೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಹೊಳೆಯ ರಸ್ತೆ ಹಿಡಿದು ಸ್ಟೇಷನ್ನಿಗೆ ಹೊರಟಿದ್ದ, ಸಂಜೆಯ ಹಾಲಿನ ರೈಲಿಗೆ. ಆ ರೈಲಿಗೆ ಅಂಚೆಯ ಬೋಗಿಯೂ ಇರುತ್ತದೆ. ಅದು ಹೋಗುವುದು ಕರಾವಳಿಗೇ. ನಾನು ರಸ್ತೆಗಿಳಿದು ಕೈ ಎತ್ತಿದೆ. ಅವನು ನಿಲ್ಲಿಸಿದ.

ಪತ್ರ ತೆಗೆದು ತೋರಿಸಿದೆ. ಯಾರಿಗೆ, ಏನು ಅಂತ ಹೇಳಬೇಕಾಗಲಿಲ್ಲ. ಹೆಸರು ದೊಡ್ಡ ಅಕ್ಷರದಲ್ಲಿತ್ತು. ಇದನ್ನು ಕೊಂಡುಹೋಗಿ ಹಾಕು ಅಂತ ಅವನಿಗೇ ಹೇಳುವುದು ಎಂಥ ಮಾತು ಅಂತ ಅದನ್ನು ಹಾಗೇ ಹಿಡಿದು ನಿಂತೆ. ಅವನು ಸ್ವಲ್ಪ ಹೊತ್ತು ಲಕೋಟೆಯನ್ನೇ ನೋಡಿದ. ತನ್ನ ಕೈ ನೋಡಿಕೊಂಡ, ಜಾರುಗಾಡಿ ಎಳೆದು ಕಟ್ಟಿದ್ದಕ್ಕೆ ಮತ್ತೆ ಮೊಣಕೈ ತನಕ ಕೆಸರು.

"ನಾನು ಮುಟ್ಟಿದ್ರೆ ಓದೋಕೆ ಸಿಗಲ್ಲ. ನೀನೇ ಹಿಡ್ಕೊ. ಹತ್ತು. ಕಾಲು ಒಳಗಿಟ್ಕೊ," ಅಂದ.

ನಾನು ಕ್ಯಾನುಗಳ ನಡುವೆ ಕೂತೆ. ಹಾಲು ಇನ್ನೂ ಬೆಚ್ಚಗಿತ್ತು, ಬೆನ್ನಿಗೆ ಹತ್ತಿತು. ಹೊಳೆ ತುಂಬಿ, ಮಂಜುಗಡ್ಡೆಯ ಹೋಳುಗಳನ್ನು ಹೊತ್ತುಕೊಂಡು ಪಕ್ಕದಲ್ಲೇ ಹರಿಯುತ್ತಿತ್ತು. ಅವನ ಹೊಲಗಳು ಎರಡೂ ಕಡೆ, ನೀರು ನಿಂತು ಆಕಾಶ ತೋರಿಸುತ್ತಿದ್ದವು. ಮಾರಿದ ತುಂಡಿನ ಹತ್ತಿರ ಬಂದಾಗ ಅವನು ಆ ಕಡೆ ನೋಡಲಿಲ್ಲ. ಅರ್ಧ ದಾರಿಯಲ್ಲಿ, ತಿರುಗದೆಯೇ, ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದ.

"ಮುಂದಿನ ಮಾರ್ಚ್‌ನಲ್ಲೂ ನಾನು ಒಲೆ ಕಡೆನೇ ನಿಲ್ಲೋದು."

"ಗೊತ್ತು," ಅಂತ ನಾನೂ ಕೂಗಿದೆ.

ರೈಲು ಬಂದು ನಿಂತಿತ್ತು. ಅವನು ಕ್ಯಾನುಗಳನ್ನು ಇಳಿಸತೊಡಗಿದ. ನಾನು ಪ್ಲಾಟ್‌ಫಾರಂ ಉದ್ದಕ್ಕೆ ನಡೆದು ಅಂಚೆಯ ಬೋಗಿಯ ಬಾಗಿಲಿಗೆ ಹೋದೆ. ಮೇಣದ ಕಾಗದ ಬಿಚ್ಚಿದೆ. ಫೆಬ್ರವರಿಯಿಂದ ಗಡಿಯಾರದ ಹಿಂದೆ ಕೂತು ಲಕೋಟೆಯ ಒಂದು ಮೂಲೆ ಬಿಸಿಲಿಗೆ ಹಳದಿಯಾಗಿತ್ತು. ಒಳಗಿದ್ದವನು ಬಾಗಿ ಕೈ ಚಾಚಿದ. ಕೊಟ್ಟೆ. ಅವನು ವಿಳಾಸ ಓದಿ, ಬುಧವಾರದ ದೋಣಿಗೆ ಸಿಗುತ್ತೆ ಅಂತ ಹೇಳಿ ಚೀಲಕ್ಕೆ ಹಾಕಿಕೊಂಡ. ರೈಲು ಹೊರಟಿತು, ಹಾರ್ಲೋನ ಹಾಲನ್ನೂ ನನ್ನ ಪತ್ರವನ್ನೂ ಹೊತ್ತುಕೊಂಡು.